ಒಂದೇ ಯಾದಿ, ಎರಡು ಕಿಲೋ ಶೇಂಗಾ, ಬೆಲ್ಲ ಮಾತ್ರ ಇಲ್ಲ

ಫೆಬ್ರುವರಿ ಬಂತೆಂದರೆ ನನ್ನ ಮೇಲ್‌ಬಾಕ್ಸ್ ಕಿರಾಣಿ ಅಂಗಡಿಯಂತಾಗುತ್ತದೆ. ಎಂಜಿನಿಯರಿಂಗ್ ಕೊನೆಯ ವರ್ಷದ ಹುಡುಗರ ಪ್ರಾಜೆಕ್ಟು, ಬೆಂಗಳೂರು ಸಾಕಾಗಿ ಹುಬ್ಬಳ್ಳಿಗೆ ವಾಪಸ್ ಬಂದು ಸ್ವಂತದ್ದೇನಾದರೂ ಮಾಡೋಣ ಎಂದು ಕೂತವರ ಕನಸು, ಎಲ್ಲರದೂ ಒಂದೇ: ಗಂಡ ಹೆಂಡತಿ ಇಬ್ಬರೂ ದುಡಿಯುವ ಮನೆಗೆ ಸಂತೆಯ ಯಾದಿ ಬರೆಯುವ ಆ್ಯಪ್. ಆಸೆ ತಪ್ಪಲ್ಲ. ಪ್ರಶ್ನೆಗಳು ಮಾತ್ರ ವರ್ಷವರ್ಷವೂ ಅವೇ. ಬಿಡಿಬಿಡಿಯಾಗಿ ಉತ್ತರ ಬರೆದು ಕೈಸೋತು ಈ ವಾರ ಒಟ್ಟಿಗೇ ಬರೆಯುತ್ತಿದ್ದೇನೆ. ಲಾಗಿನ್ ಪುಟ ಹೇಗಿರಬೇಕು, ಯಾವ ಡೇಟಾಬೇಸ್ ಒಳ್ಳೆಯದು ಎಂದು ಕೇಳಿದವರು ಕ್ಷಮಿಸಿ. ಅಷ್ಟು ಗೊತ್ತಿಲ್ಲದೆ ಆ್ಯಪ್‌ಗೆ ಕೈಹಾಕಬಾರದು.

ಪ್ರಶ್ನೆ: ಮೇಡಂ, ನಾನು, ನನ್ನ ಹೆಂಡತಿ, ನಮ್ಮವ್ವ ಮೂವರೂ ಒಂದೇ ಯಾದಿ ಬಳಸುತ್ತೇವೆ. ಆ್ಯಪ್ ನಾನೇ ಮಾಡಿದ್ದು. ಆದರೂ ಒಂದೇ ಸಾಮಾನು ಎರಡೆರಡು ಸಲ ಮನೆಗೆ ಬರುತ್ತದೆ. ಬರೆದದ್ದು ಮಾಯವಾಗುತ್ತದೆ. ಅಳಿಸಿದ್ದು ಮತ್ತೆ ಎದ್ದು ಬರುತ್ತದೆ. ನೋಟಿಫಿಕೇಷನ್ ಜಾಸ್ತಿ ಮಾಡಿದರೆ ಸರಿಹೋಗುತ್ತದಾ? (ಧಾರವಾಡದ ಓದುಗರು)

ಉತ್ತರ: ಹೋಗುವುದಿಲ್ಲ. ನೋಟಿಫಿಕೇಷನ್ ಅಂದರೆ ಕೂಗು. ಮನೆಯಲ್ಲಿ ಮೂರು ಜನ ಕೂಗಾಡಿದರೆ ಸಂತೆ ಸಲೀಸಾಗುತ್ತದಾ? ಅದೂ ಅಲ್ಲದೆ ಆಂಡ್ರಾಯ್ಡ್ 13ರಿಂದ ಈಚೆಗೆ ನೋಟಿಫಿಕೇಷನ್ ಕಳಿಸಲು ಬಳಸುವವರ ಒಪ್ಪಿಗೆ ಬೇಕು. ಕಾಟ ಕೊಟ್ಟರೆ ಬಂದ್ ಮಾಡುತ್ತಾರೆ. ಒಮ್ಮೆ ಬಂದ್ ಮಾಡಿದವರನ್ನು ಮತ್ತೆ ಒಲಿಸುವುದು ಕಷ್ಟ.

ನಿಮ್ಮ ಗೋಳು ನನಗೆ ಹೊಸದಲ್ಲ. ಕೆಲವು ವರ್ಷದ ಹಿಂದೆ ನಾನೂ ಇಂಥದ್ದೊಂದು ಮಾಡಿ ನಮ್ಮ ಮನೆಯಲ್ಲೇ ಓಡಿಸಿದ್ದೆ. ನಾಗರ ಪಂಚಮಿ ಹತ್ತಿರ ಬಂದಿತ್ತು. ನಮ್ಮ ಕಡೆ ಪಂಚಮಿ ಅಂದರೆ ಉಂಡಿಯ ಹಬ್ಬ, ಗೊತ್ತಲ್ಲ. ಶೇಂಗಾ ಉಂಡಿ, ಎಳ್ಳುಂಡಿ, ರವೆ ಉಂಡಿ, ಬೇಸನ್ ಉಂಡಿ. ಅತ್ತೆ ಯಾದಿಯಲ್ಲಿ ಶೇಂಗಾ ಒಂದು ಕಿಲೋ ಎಂದು ಬರೆದರು. ನಾನು ಅದನ್ನು ನೋಡದೆ ಶೇಂಗಾ ಬೀಜ ಅರ್ಧ ಕಿಲೋ ಎಂದು ಬರೆದೆ. ನಮ್ಮವರು ಜನತಾ ಬಜಾರಿಗೆ ಹೋಗಿ ಎರಡೂ ಸಾಲು ಓದಿ ಒಂದೂವರೆ ಕಿಲೋ ಕಟ್ಟಿಸಿದರು. ಅವರ ಫೋನಿಗೆ ಆಗ ನೆಟ್‌ವರ್ಕ್ ಇರಲಿಲ್ಲ. ಅವರು ಟಿಕ್ ಮಾಡಿದ್ದು ನನಗೆ ಕಾಣಲಿಲ್ಲ. ನಾನು ಗೋಕುಲ ರಸ್ತೆಯಿಂದ ಮನೆಗೆ ಬರುವಾಗ ಮತ್ತರ್ಧ ಕಿಲೋ ತಂದೆ. ಎರಡು ಕಿಲೋ ಶೇಂಗಾ ಆಯಿತು. ಬೆಲ್ಲ ಇಲ್ಲ. ಅತ್ತೆ ಬೆಲ್ಲ ಬರೆದದ್ದು ಖರೆ, ಆದರೆ ಯಾದಿಯಿಂದ ಹಾರಿಹೋಗಿತ್ತು. "ನಿಮ್ಮ ಫೋನಿಗಿಂತ ನನ್ನ ಚೀಟಿನೇ ಚಲೋ ಇತ್ತು ಬಿಡವಾ" ಅಂದರು. ಏನು ಉತ್ತರ ಕೊಡಲಿ?

ಆ ಬೆಲ್ಲ ಯಾಕೆ ಹಾರಿತು ಎಂದು ಹುಡುಕಿದಾಗ ತಪ್ಪು ನನ್ನದೇ. ನಾನು ಇಡೀ ಯಾದಿಯನ್ನು ಒಂದೇ ಗಂಟಾಗಿ ಸರ್ವರ್‌ನಲ್ಲಿ ಇಟ್ಟಿದ್ದೆ. ನಿಮ್ಮದೂ ಹಾಗೇ ಇರುತ್ತದೆ, ನೋಡಿಕೊಳ್ಳಿ. ಒಬ್ಬರು ನೆಟ್ ಇಲ್ಲದ ಕಡೆ ಹಳೆಯ ಗಂಟನ್ನು ಹಿಡಿದು ಟಿಕ್ ಮಾಡುತ್ತಿರುತ್ತಾರೆ. ಮನೆಯಲ್ಲಿ ಇನ್ನೊಬ್ಬರು ಅದೇ ಹೊತ್ತಿಗೆ ಬೆಲ್ಲ ಸೇರಿಸುತ್ತಾರೆ. ನೆಟ್ ಬಂದ ಕೂಡಲೇ ಹಳೆಯ ಗಂಟು ಹೊಸದರ ಮೇಲೆ ಬಿದ್ದು ಬೆಲ್ಲ ನುಂಗುತ್ತದೆ. ಕೊನೆಗೆ ಬರೆದವನೇ ಗೆದ್ದ ಎಂಬ ಲೆಕ್ಕ ಇದು. ಗಂಟು ಬಿಚ್ಚಿ. ಒಂದೊಂದು ಸಾಮಾನಿಗೂ ಅದರದೇ ಗುರುತಿನ ಸಂಖ್ಯೆ ಕೊಡಿ, ಅದನ್ನು ಫೋನ್‌ನಲ್ಲೇ ಹುಟ್ಟಿಸಿ. ಹೆಸರು, ಪ್ರಮಾಣ, ತಂದರೋ ಇಲ್ಲವೋ ಎಂಬುದನ್ನು ಬೇರೆಬೇರೆಯಾಗಿ ಉಳಿಸಿ. ಆಗ ನಿಮ್ಮವ್ವ ಒಂದು ಕಿಲೋವನ್ನು ಎರಡು ಕಿಲೋ ಮಾಡಿದಾಗ ನೀವು ಹಾಕಿದ ಟಿಕ್ ಅಳಿಯುವುದಿಲ್ಲ.

ಅಳಿಸಿದ್ದು ಎದ್ದು ಬರುವುದಕ್ಕೆ ಕಾರಣ ಬೇರೆ. ನೀವು ಸಾಲನ್ನು ನಿಜವಾಗಿಯೇ ಕಿತ್ತು ಹಾಕುತ್ತಿದ್ದೀರಿ. ಎರಡು ದಿನ ಆಫ್ ಆಗಿದ್ದ ಅವ್ವನ ಫೋನ್ ಆನ್ ಆಗುತ್ತದೆ. "ಅಯ್ಯೋ, ನನ್ನ ಹತ್ತಿರ ತೊಗರಿಬೇಳೆ ಇದೆ, ಇವರ ಹತ್ತಿರ ಇಲ್ಲ" ಎಂದುಕೊಂಡು ವಾಪಸ್ ಸೇರಿಸುತ್ತದೆ. ಪಾಪ, ಫೋನಿಗೆ ಹೇಗೆ ಗೊತ್ತಾಗಬೇಕು? ಅದಕ್ಕೇ ಕಿತ್ತು ಹಾಕದೆ ಅಳಿಸಿದೆ ಎಂಬ ಗುರುತು ಇಟ್ಟು ಸ್ವಲ್ಪ ಕಾಲ ಉಳಿಸಿಕೊಳ್ಳಬೇಕು. ಗೋರಿಕಲ್ಲು ಇದ್ದ ಹಾಗೆ. ಸತ್ತದ್ದು ಸತ್ತಿದೆ ಎಂದು ಊರಿಗೆಲ್ಲ ಗೊತ್ತಾಗುವವರೆಗೆ ಕಲ್ಲು ಅಲ್ಲೇ ಇರಲಿ.

ಫೋನಿನ ಗಡಿಯಾರ ನೋಡಿ ಯಾವುದು ಮೊದಲು, ಯಾವುದು ನಂತರ ಎಂದು ತೀರ್ಮಾನಿಸಬೇಡಿ. ಆಟದಲ್ಲಿ ಬೇಗ ಬಹುಮಾನ ಸಿಗಲಿ ಎಂದು ಫೋನಿನ ದಿನಾಂಕವನ್ನೇ ಮುಂದೆ ತಳ್ಳುವ ಮಕ್ಕಳು ಇರುವ ಮನೆ ಎಷ್ಟಿಲ್ಲ? ಗಡಿಯಾರ ನಂಬದೆ ಘಟನೆಗಳ ಕ್ರಮ ಹಿಡಿಯುವುದು ಹೇಗೆ ಎಂದು ಕಂಪ್ಯೂಟರ್ ವಿಜ್ಞಾನಿ ಲೆಸ್ಲಿ ಲ್ಯಾಂಪೋರ್ಟ್ 1978ರಲ್ಲೇ ಬರೆದಿಟ್ಟಿದ್ದಾರೆ. ಒಂದು ಎಣಿಕೆ ಸಾಕು: ಪ್ರತಿ ಬದಲಾವಣೆಗೂ ಒಂದು ಏರಿಸಿ, ಬೇರೆಯವರ ಎಣಿಕೆ ದೊಡ್ಡದಿದ್ದರೆ ಅದಕ್ಕಿಂತ ಮುಂದೆ ಹೋಗಿ. ಇದನ್ನು ಕ್ಲಾಸಿನಲ್ಲಿ ಓದಿ, ಪರೀಕ್ಷೆಯಲ್ಲಿ ಬರೆದು, ಪ್ರಾಜೆಕ್ಟ್ ಮಾಡುವಾಗ ಮರೆಯುತ್ತಾರಲ್ಲ, ಅದು ನನಗೆ ಅರ್ಥವೇ ಆಗಿಲ್ಲ.

ಇಷ್ಟು ಮಾಡಿದರೆ ಬೆಲ್ಲ ಉಳಿಯುತ್ತದೆ. ಶೇಂಗಾ ಇನ್ನೂ ಎರಡು ಕಿಲೋನೇ ಬರುತ್ತದೆ. ಅದು ಕೋಡಿನ ತಪ್ಪಲ್ಲ, ವಿನ್ಯಾಸದ್ದು.

ಯಾದಿ ಬರೆಯುವವರು ಅಡುಗೆಮನೆಯಲ್ಲಿ ಇರುತ್ತಾರೆ. ಓದುವವರು ಸಂತೆಯಲ್ಲಿ ಇರುತ್ತಾರೆ. ಬಹಳ ಮನೆಗಳಲ್ಲಿ ಇವರು ಬೇರೆಬೇರೆ ಜನ. ನೀವೆಲ್ಲ ಮೇಜಿನ ಮುಂದೆ ಕೂತು ಬರೆಯುವವರಿಗಾಗಿ ಪರದೆ ಮಾಡುತ್ತೀರಿ. ಓದುವವರನ್ನು ಒಮ್ಮೆ ನೋಡಿ. ಸಂಜೆ ಆರೂವರೆ, ದುರ್ಗದಬೈಲಿನ ಗದ್ದಲ, ಎಡಗೈಯಲ್ಲಿ ಚೀಲ, ಬಲಗೈಯಲ್ಲಿ ಫೋನು, ಹಿಂದಿನಿಂದ ಸ್ಕೂಟರ್ ಹಾರ್ನ್, ಮುಂದೆ "ಏನ್ ಕೊಡ್ಲಿ ಹೇಳ್ರೀ ಲಗೂನ" ಎನ್ನುವ ಕಾಕಾ. ಆ ಮನುಷ್ಯನಿಗೆ ಹೆಬ್ಬೆರಳು ಒಂದೇ ಖಾಲಿ. ಅವನು ಒತ್ತುವ ಜಾಗ ಕನಿಷ್ಠ 48 ಡಿಪಿ ಇರಲಿ, ಅಂದರೆ ಪರದೆಯ ಮೇಲೆ ಸುಮಾರು 9 ಮಿಲಿಮೀಟರ್. ಆಂಡ್ರಾಯ್ಡ್‌ನವರೇ ಹೇಳುವ ಅಳತೆ ಇದು. ನಾನಾದರೆ ಇನ್ನೂ ದೊಡ್ಡದು ಮಾಡುತ್ತೇನೆ. ಸಣ್ಣ ಚೌಕ ಒಂದೇ ಅಲ್ಲ, ಇಡೀ ಸಾಲನ್ನೇ ಒತ್ತುವಂತಿರಲಿ.

ಅವನು ಟಿಕ್ ಮಾಡಿದ ಎಂದರೆ ಏನರ್ಥ? ಚೀಲಕ್ಕೆ ಬಿತ್ತು ಎಂದಾ? ಅಂಗಡಿಯವನಿಗೆ ಹೇಳಿದೆ, ಕಟ್ಟುತ್ತಿದ್ದಾನೆ ಎಂದಾ? ಈ ಅಂಗಡಿಯಲ್ಲಿ ಇಲ್ಲ, ಬಿಟ್ಟುಬಿಡು ಎಂದಾ? ನಾನು ನೋಡಿದ ಮನೆಗಳಲ್ಲಿ ಒಂದೇ ಟಿಕ್ಕಿಗೆ ಈ ಮೂರೂ ಅರ್ಥ ಇದ್ದವು. ಜಗಳ ಹುಟ್ಟುವುದು ಇಲ್ಲೇ. "ಸಿಗಲಿಲ್ಲ" ಎಂಬುದಕ್ಕೆ ಬೇರೆ ಗುರುತು ಕೊಡಿ. ಸಿಗದ ಸಾಮಾನು ಯಾದಿಯಲ್ಲೇ ಉಳಿಯಲಿ, ಮನೆಯವರಿಗೆ ಕಾಣಲಿ. ಬೇರೆ ಏನು ತರಲಿ ಎಂದು ಕೇಳುವ ಫೋನ್ ಕರೆ ತಾನಾಗಿಯೇ ಕಡಿಮೆಯಾಗುತ್ತದೆ.

ಎರಡನೆಯದು, "ನಾನು ತರ್ತೀನಿ". ಇದು ಎಲ್ಲಕ್ಕಿಂತ ಮುಖ್ಯ, ಯಾರೂ ಮಾಡುವುದಿಲ್ಲ. ಟಿಕ್ ಬರುವುದು ತಂದ ಮೇಲೆ. ಶೇಂಗಾ ಎರಡು ಸಲ ಬರುವುದು ತರುವ ಮೊದಲು. ಸಂತೆಗೆ ಹೊರಟವರು ಒಂದು ಗುಂಡಿ ಒತ್ತಲಿ: ನಾನು ಹೊರಟೆ. ಉಳಿದವರ ಫೋನಿನಲ್ಲಿ ಯಾದಿಯ ಮೇಲೆ ಅವರ ಹೆಸರು ಕಾಣಲಿ. ಹೊರಡುವಾಗ ಮನೆಯಲ್ಲಿ ನೆಟ್ ಇರುತ್ತದೆ, ಅದಕ್ಕೆ ಈ ಸುದ್ದಿ ತಲುಪುತ್ತದೆ. ನಾನು ಗೋಕುಲ ರಸ್ತೆಯಲ್ಲಿ ಇದನ್ನು ನೋಡಿದ್ದರೆ ಅರ್ಧ ಕಿಲೋ ಉಳಿಯುತ್ತಿತ್ತು. ಕಳಿಸಲೇಬೇಕು ಅನ್ನಿಸಿದರೆ ಈ ಒಂದಕ್ಕೆ ನೋಟಿಫಿಕೇಷನ್ ಕಳಿಸಿ.

ಇನ್ನು ಹೆಸರು. ಶೇಂಗಾ ಮತ್ತು ಶೇಂಗಾ ಬೀಜ ಎರಡು ಸಾಲಾಗಿ ಬಂದವಲ್ಲ, ಅವನ್ನು ತಾನಾಗಿಯೇ ಸೇರಿಸಿ ಒಂದೂವರೆ ಕಿಲೋ ಮಾಡೋಣ ಎಂದು ನಿಮಗೆ ಆಸೆಯಾಗುತ್ತದೆ. ಬೇಡ. ಅತ್ತೆಯ ಒಂದು ಕಿಲೋದಲ್ಲಿ ನನ್ನ ಅರ್ಧ ಕಿಲೋ ಸೇರಿತ್ತೋ ಇಲ್ಲವೋ, ಯಂತ್ರಕ್ಕೆ ಹೇಗೆ ತಿಳಿಯಬೇಕು? ಎರಡನ್ನೂ ಅಕ್ಕಪಕ್ಕ ನಿಲ್ಲಿಸಿ, ಯಾರು ಬರೆದದ್ದು ಎಂದು ತೋರಿಸಿ. ಉಳಿದದ್ದು ಮನುಷ್ಯರು ಮಾತಾಡಿಕೊಳ್ಳುತ್ತಾರೆ. ಉಳ್ಳಾಗಡ್ಡಿ, ಈರುಳ್ಳಿ, ಕಾಂದಾ ಒಂದೇ ಎಂದು ಆ್ಯಪ್‌ಗೆ ಕಲಿಸಿ, ಬೇಡ ಎನ್ನುವುದಿಲ್ಲ. ಆದರೆ ಹೋಲುವ ಅಕ್ಷರ ನೋಡಿ ಸೇರಿಸಲು ಹೋದರೆ ಮೆಣಸು ಮೆಣಸಿನಕಾಯಿ ಆಗುತ್ತದೆ, ಕಡಲೆಕಾಯಿ ಕಡಲೆಬೇಳೆ ಆಗುತ್ತದೆ. ತಪ್ಪಾಗಿ ಸೇರಿಸುವುದಕ್ಕಿಂತ ಸೇರಿಸದೆ ಬಿಡುವುದು ಎಷ್ಟೋ ವಾಸಿ.

ಕನ್ನಡದಲ್ಲಿ ಇನ್ನೊಂದು ಕಣ್ಣಿಗೆ ಕಾಣದ ಕಾಟ ಇದೆ. ಕೊತ್ತಂಬರಿಯ "ಕೊ", ಕಂಪ್ಯೂಟರ್ ಅಕ್ಷರಗಳಿಗೆ ಸಂಕೇತ ಕೊಡುವ ಯುನಿಕೋಡ್‌ನಲ್ಲಿ ಎರಡು ರೀತಿ ಬರಬಹುದು. ಒಂದರಲ್ಲಿ ಒತ್ವ ಒಂದೇ ಸಂಕೇತ. ಇನ್ನೊಂದರಲ್ಲಿ ಎತ್ವ ಮತ್ತು ಕೊಂಬಿನ ದೀರ್ಘ ಎರಡನ್ನೂ ಜೋಡಿಸಿ ಅದೇ ಆಕಾರ. ನೋಡಲು ಒಂದೇ. ಕಂಪ್ಯೂಟರ್‌ಗೆ ಎರಡು ಬೇರೆ ಪದ. ಬ್ರೆಡ್ ಪದದ ಕೊನೆಗೆ ಕಾಣದ ಅಕ್ಷರವೊಂದು ಅಂಟಿಕೊಂಡರೂ ಹೀಗೇ. ಹೋಲಿಸುವ ಮೊದಲು ಎನ್‌ಎಫ್‌ಸಿ ರೂಪಕ್ಕೆ, ಅಂದರೆ ಜೋಡಿಸಿದ್ದೆಲ್ಲ ಒಂದೇ ಸಂಕೇತವಾಗುವ ಯುನಿಕೋಡ್ ರೂಪಕ್ಕೆ, ತನ್ನಿ, ಕೊನೆಯ ಕಾಣದ ಅಕ್ಷರ ತೆಗೆಯಿರಿ. ಎರಡು ಸಾಲಿನ ಕೋಡ್ ಅದು. ಇದನ್ನು ಮಾಡದೆ "ಕನ್ನಡ ಸರ್ಚ್ ಸರಿ ಬರಲ್ಲ ಮೇಡಂ, ಭಾಷೆಯೇ ಕಷ್ಟ" ಎಂದು ಬರೆದವರಿಗೆ ನಾನು ಉತ್ತರ ಕೊಡುವುದು ನಿಲ್ಲಿಸಿದ್ದೇನೆ.

ಪ್ರಮಾಣಕ್ಕೆ ಕಿಲೋ, ಗ್ರಾಂ, ಲೀಟರ್ ಎಂಬ ಮೂರು ಆಯ್ಕೆ ಇಟ್ಟಿದ್ದೀರಿ ಎಂದು ಊಹಿಸುತ್ತೇನೆ. ತೆಗೆದುಬಿಡಿ. ಜನ ಪಾವ್ ಕಿಲೋ ಎನ್ನುತ್ತಾರೆ. ಮೆಂತ್ಯ ಎರಡು ಸಿವುಡು ಎನ್ನುತ್ತಾರೆ. ಹತ್ತು ರೂಪಾಯಿದು ಕರಿಬೇವು ಎನ್ನುತ್ತಾರೆ. ರೂಪಾಯಿಯೂ ಒಂದು ಅಳತೆಯೇ. ಜೋಳ ಬೀಸಿಸಿಕೊಂಡು ಬಾ ಎನ್ನುವುದೂ ಯಾದಿಯಲ್ಲೇ ಇರುತ್ತದೆ, ಗಿರಣಿಗೆ ಯಾವ ಅಳತೆ ಕೊಡುತ್ತೀರಿ? ಬರೆದದ್ದನ್ನು ಬರೆದ ಹಾಗೇ ತೋರಿಸಿ, ಸಾಕು.

ಪ್ರಶ್ನೆ: ಪರದೆಯಲ್ಲಿ ಏಳಕ್ಕಿಂತ ಜಾಸ್ತಿ ಸಾಲು ಇರಬಾರದಂತೆ, ಮನುಷ್ಯನ ಮೆದುಳಿಗೆ ಏಳೇ ಹಿಡಿಸುವುದಂತೆ. ನಿಜವಾ? (ಗದಗ)

ಉತ್ತರ: ಸುಳ್ಳು. ಮನೋವಿಜ್ಞಾನಿ ಜಾರ್ಜ್ ಮಿಲ್ಲರ್ 1956ರಲ್ಲಿ ಬರೆದದ್ದು ಕೇಳಿದ್ದನ್ನು ಆ ಕ್ಷಣಕ್ಕೆ ನೆನಪಿಟ್ಟುಕೊಳ್ಳುವ ಬಗ್ಗೆ. ಕಣ್ಣೆದುರಿಗೇ ಇರುವ ಯಾದಿಯನ್ನು ನೆನಪಿಡುವುದೇಕೆ? ನೆನಪಿಡಬಾರದು ಎಂದೇ ಅಲ್ಲವೇ ಬರೆಯುವುದು! ಎರಡು ದಿನದ ಕೋರ್ಸ್ ನಡೆಸಿ ಸರ್ಟಿಫಿಕೇಟ್ ಹಂಚುವವರು ಇದನ್ನು ಹೇಳಿಕೊಡುತ್ತಾರೆ. ಕಟ್ಟಿದ ಫೀ ವಾಪಸ್ ಕೇಳಿ.

ಪ್ರಶ್ನೆ: ಬಾರ್‌ಕೋಡ್ ಸ್ಕ್ಯಾನ್ ಹಾಕಲಾ? (ಹುಬ್ಬಳ್ಳಿ)

ಉತ್ತರ: ಜವಾರಿ ಬದನೆಕಾಯಿಯ ಮೇಲೆ ಬಾರ್‌ಕೋಡ್ ಕಂಡರೆ ನನಗೂ ಒಂದು ಫೋಟೊ ಕಳಿಸಿ. ಇದೇ ಓದುಗರು, ಬಾರ್‌ಕೋಡ್ ಸಂಖ್ಯೆ 890ರಿಂದ ಶುರುವಾದರೆ ಅದು ಭಾರತದಲ್ಲೇ ತಯಾರಾದ ಮಾಲು ಎಂದು ತೋರಿಸುವ ಸೌಲಭ್ಯವನ್ನೂ ಹಾಕಬೇಕಂತೆ. ಅದು ವಾಟ್ಸಾಪ್ ಜ್ಞಾನ. ಆ ಕಂಪನಿ ಸಂಖ್ಯೆ ಪಡೆದದ್ದು ಭಾರತದ ಜಿಎಸ್1 ಸಂಸ್ಥೆಯಿಂದ ಎಂದಷ್ಟೇ ಅದರ ಅರ್ಥ. ಮಾಲು ಎಲ್ಲಿ ತಯಾರಾಯಿತು ಎಂದು ಅದು ಹೇಳುವುದಿಲ್ಲ.

ಪ್ರಶ್ನೆ: ಎಐ ಹಾಕಿದರೆ ಮುಂದಿನ ವಾರ ಏನು ಬೇಕು ಎಂದು ಅದೇ ಹೇಳುತ್ತದಲ್ಲ? (ರಾಣೆಬೆನ್ನೂರು)

ಉತ್ತರ: ಮೊದಲು ಬೆಲ್ಲ ಉಳಿಸಿ.

ಪ್ರಶ್ನೆ: ಕನ್ನಡ ಸಾಕಾ, ಇಂಗ್ಲಿಷೂ ಬೇಕಾ? (ಹಾವೇರಿ)

ಉತ್ತರ: ಎರಡೂ. ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೆಯುವವರು ಬಹಳ, ಅದಕ್ಕೂ ಹುಡುಕಾಟ ಕೆಲಸ ಮಾಡಲಿ.

ಪ್ರಶ್ನೆ: ಆ್ಯಪ್‌ನಿಂದ ದುಡ್ಡು ಬರಬೇಕಾದರೆ ಯಾದಿಯಲ್ಲಿ ನಾವೇ ಎರಡು ಮೂರು ಸಾಮಾನು ಸೇರಿಸಿಡಬೇಕು, ಬೇಡವಾದವರು ತೆಗೆಯುತ್ತಾರೆ ಎಂದು ಸಲಹೆಗಾರರೊಬ್ಬರು ಹೇಳಿದರು. (ಹುಬ್ಬಳ್ಳಿ)

ಉತ್ತರ: ಆ ಸಲಹೆಗಾರರಿಂದ ದೂರ ಇರಿ. ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2023ರ ನವೆಂಬರ್‌ನಲ್ಲಿ 13 ಬಗೆಯ ಮೋಸದ ವಿನ್ಯಾಸಗಳನ್ನು ಹೆಸರಿಸಿ ಮಾರ್ಗಸೂಚಿ ಹೊರಡಿಸಿದೆ. ಗ್ರಾಹಕರಿಗೆ ಹೇಳದೆ ಬುಟ್ಟಿಗೆ ಸಾಮಾನು ತುರುಕಿ ಬಿಲ್ ಮಾಡುವುದು ಅದರಲ್ಲಿ ಒಂದು. ಯಾದಿಯಿಂದ ನೇರ ಆರ್ಡರ್ ಹೋಗುವಂತೆ ಮಾಡುತ್ತೀರಾದರೆ ಇದು ನಿಮಗೂ ಹೊಂದುತ್ತದೆ. ಕಾನೂನು ಬಿಡಿ, ತಾನು ಬರೆಯದ ಸಾಮಾನು ಯಾದಿಯಲ್ಲಿ ಕಂಡ ಅತ್ತೆ ಆಮೇಲೆ ತಾನು ಬರೆದದ್ದನ್ನೂ ನಂಬುವುದಿಲ್ಲ.

ಪ್ರಶ್ನೆ: ಕಾಂಟ್ಯಾಕ್ಟ್, ಲೊಕೇಶನ್, ಮೈಕ್ ಎಲ್ಲದಕ್ಕೂ ಮೊದಲೇ ಒಪ್ಪಿಗೆ ಪಡೆದರೆ ಮುಂದೆ ಅನುಕೂಲ ಅಲ್ವಾ? (ಧಾರವಾಡ)

ಉತ್ತರ: ಯಾರಿಗೆ ಅನುಕೂಲ? ಈ ವಿಷಯದಲ್ಲಿ ನಾನು ಸ್ವಲ್ಪ ಅತಿ ಜಾಗ್ರತೆಯವಳು, ಇರಲಿ. ಕಿರಾಣಿ ಯಾದಿ ನೋಡಿದರೆ ಮನೆಯ ಒಳಗೆಲ್ಲ ಕಾಣುತ್ತದೆ. ಮನೆಯಲ್ಲಿ ಕೂಸು ಇದೆಯಾ, ಯಾರಿಗೆ ಸಕ್ಕರೆ ಕಾಯಿಲೆ, ತಿಂಗಳ ಕೊನೆಗೆ ಕೈ ಎಷ್ಟು ಬಿಗಿ, ಎಲ್ಲ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಹೇಳುವುದೂ ಅದನ್ನೇ: ಯಾವ ಕೆಲಸಕ್ಕೆ ಎಂದು ತಿಳಿಸಿ, ಆ ಕೆಲಸಕ್ಕೆ ಬೇಕಾದಷ್ಟನ್ನೇ ಒಪ್ಪಿಗೆ ಪಡೆದು ತೆಗೆದುಕೊಳ್ಳಿ. ಮನೆಯವರನ್ನು ಸೇರಿಸಲು ಕಾಂಟ್ಯಾಕ್ಟ್ ಬೇಡ, ಒಂದು ಲಿಂಕ್ ಕಳಿಸಿದರೆ ಆಯಿತು. ಲೊಕೇಶನ್ ಬೇಡವೇ ಬೇಡ. ಮೈಕ್ ಮಾತ್ರ, ಮಾತಾಡಿ ಬರೆಸುವ ಗುಂಡಿಯನ್ನು ಅವರು ಒತ್ತಿದಾಗ ಕೇಳಿ. ಚಿಗರಿ ಬಸ್ಸಿನಲ್ಲಿ ಒಂದು ಕೈಯಲ್ಲಿ ಹಿಡಿಕೆ ಹಿಡಿದು ನಿಂತವರಿಗೆ ಅದು ಬೇಕಾಗುತ್ತದೆ. ಬೇಡ ಎಂದವರಿಗೂ ಉಳಿದ ಆ್ಯಪ್ ಪೂರ್ತಿ ನಡೆಯಬೇಕು.