ಏಳು ಜನರ ಡಿಟಿಪಿ ಆಫೀಸಿಗೆ ಡ್ರೈವ್ ಸಾಕಾ, ಟ್ರೆಲ್ಲೊ ಕೂಡ ಬೇಕಾ?

ನಿಮ್ಮದು ಏಳು ಜನರ ಡಿಟಿಪಿ ಆಫೀಸು. ಇಬ್ಬರು ಮನೆಯಿಂದ ಕೆಲಸ ಮಾಡುತ್ತಾರೆ. ಫೈಲೆಲ್ಲ ವಾಟ್ಸಾಪ್ ಗ್ರೂಪಿನಲ್ಲೇ ಓಡಾಡುತ್ತಿವೆ. ಗೂಗಲ್ ಡ್ರೈವ್, ಡ್ರಾಪ್‌ಬಾಕ್ಸ್, ಒನ್‌ಡ್ರೈವ್‌ಗಳಲ್ಲಿ ಯಾವುದು ಒಳ್ಳೆಯದು, ಕೆಲಸ ಎಲ್ಲಿಗೆ ಬಂತು ಅಂತ ತೋರಿಸುವ ಟ್ರೆಲ್ಲೊ ಅಥವಾ ಆಸನ (Asana) ಆ್ಯಪ್ ತೆಗೆದುಕೊಂಡರೆ ಇವು ಬೇಡವಾ ಅಂತ ಕೇಳಿದ್ದೀರಿ. ನಾನು ಒಂದು ಪುಟ್ಟ ಪ್ರಕಾಶನದಲ್ಲಿ ಇದೇ ಕೆಲಸ ನೋಡಿಕೊಳ್ಳುತ್ತೇನೆ. ನಿಮ್ಮ ಪಾಡು ಚೆನ್ನಾಗಿ ಗೊತ್ತು.

ಸ್ಮರಣ ಸಂಚಿಕೆಯ ಫೈಲ್ ಎಲ್ಲಿದೆ ಅನ್ನೋದು ಒಂದು ಪ್ರಶ್ನೆ. ಅದು ಈಗ ಯಾರ ಕೈಯಲ್ಲಿ ನಿಂತಿದೆ ಅನ್ನೋದು ಇನ್ನೊಂದು. ಮೊದಲನೆಯದಕ್ಕೆ ಡ್ರೈವ್ ಥರದವು, ಎರಡನೆಯದಕ್ಕೆ ಟ್ರೆಲ್ಲೊ ಥರದವು. ಒಂದರ ಕೆಲಸ ಇನ್ನೊಂದರಿಂದ ಆಗುವುದಿಲ್ಲ. ಟ್ರೆಲ್ಲೊದಲ್ಲಿ ಒಂದೊಂದು ಕೆಲಸಕ್ಕೆ ಒಂದೊಂದು ಕಾರ್ಡು, ಅವನ್ನೆಲ್ಲ ಜೋಡಿಸಿಡುವುದು ಬೋರ್ಡು. ಉಚಿತ ಪ್ಲಾನಿನಲ್ಲಿ ಕಾರ್ಡಿಗೆ ಹಚ್ಚುವ ಒಂದು ಫೈಲ್ 10 ಎಂಬಿ ದಾಟುವಂತಿಲ್ಲ. ಒಂದು ಮುಖಪುಟದ ಫೋಟೊಶಾಪ್ ಫೈಲೇ ಅದಕ್ಕಿಂತ ಎಷ್ಟೋ ದೊಡ್ಡದು, ಅಲ್ವಾ?

ದುಡ್ಡು ಕೊಡುವುದಿದ್ದರೆ ಮೊದಲು ಸ್ಟೋರೇಜಿಗೆ ಕೊಡಿ. ಎಲ್ಲರೂ ಎಷ್ಟು ಜಿಬಿ ಅಂತ ಲೆಕ್ಕ ಹಾಕುತ್ತಾರೆ. ನೀವು ಫೈಲ್ ಯಾರ ಹೆಸರಿನಲ್ಲಿ ಇರುತ್ತದೆ ಅನ್ನೋದನ್ನು ನೋಡಿ. ಉಚಿತ ಜಿಮೇಲ್ ಖಾತೆಯಲ್ಲಿ 15 ಜಿಬಿ ಸಿಗುತ್ತದೆ, ಆದರೆ ಮೇಲ್, ಫೋಟೊ, ಡ್ರೈವ್ ಮೂರಕ್ಕೂ ಸೇರಿ ಅಷ್ಟೇ. ತುಂಬಿತೆಂದರೆ ಮೇಲ್ ಬರುವುದೂ ನಿಲ್ಲುತ್ತದೆ. ಅದಕ್ಕಿಂತ ದೊಡ್ಡ ತೊಂದರೆ ಬೇರೆ ಇದೆ. ನೀವು ಶೇರ್ ಮಾಡಿದ ಫೋಲ್ಡರಿಗೆ ನಿಮ್ಮ ಆಪರೇಟರ್ ಫೈಲ್ ಹಾಕಿದರೆ ಅದರ ಮಾಲೀಕ ಅವನೇ. ನಾಳೆ ಅವನು ಕೆಲಸ ಬಿಟ್ಟು ಆ ಖಾತೆ ಮುಚ್ಚಿದರೆ ಫೈಲೂ ಹೋಯಿತು.

ಗೂಗಲ್ ವರ್ಕ್‌ಸ್ಪೇಸಿನ ಬಿಸಿನೆಸ್ ಸ್ಟ್ಯಾಂಡರ್ಡ್ ಪ್ಲಾನಿನಲ್ಲಿ ಶೇರ್ಡ್ ಡ್ರೈವ್ ಅಂತ ಇದೆ. ಅಲ್ಲಿ ಹಾಕಿದ್ದು ತಂಡದ್ದು. ಯಾರು ಬಂದರೂ ಹೋದರೂ ಫೈಲ್ ಜಾಗದಲ್ಲೇ ಇರುತ್ತದೆ. ತಲೆಗೆ 2 ಟಿಬಿ ಲೆಕ್ಕದಲ್ಲಿ ಒಟ್ಟು ಜಾಗವನ್ನು ಎಲ್ಲರೂ ಹಂಚಿಕೊಂಡು ಬಳಸಬಹುದು. ಮೈಕ್ರೋಸಾಫ್ಟ್ 365 ತೆಗೆದುಕೊಂಡರೆ ಒನ್‌ಡ್ರೈವ್ ಒಬ್ಬೊಬ್ಬರ ಸ್ವಂತದ್ದು, ಶೇರ್‌ಪಾಯಿಂಟ್ ತಂಡದ್ದು. ಆಫೀಸಿನ ಫೈಲು ಎರಡನೆಯದರಲ್ಲೇ ಇರಲಿ. ಚೆನ್ನೈನ ಜೋಹೊ ಕಂಪನಿಯ ವರ್ಕ್‌ಡ್ರೈವ್‌ನಲ್ಲಿ ಟೀಮ್ ಫೋಲ್ಡರ್ ಇದೆ, ಅದನ್ನೂ ಒಮ್ಮೆ ನೋಡಿ. ಡ್ರಾಪ್‌ಬಾಕ್ಸ್ ದೊಡ್ಡ ಫೈಲ್ ವಿಷಯದಲ್ಲಿ ಜಾಣ: ಇಡೀ ಫೈಲನ್ನು ಮತ್ತೆ ಕಳಿಸದೆ ಬದಲಾದ ತುಂಡುಗಳನ್ನಷ್ಟೇ ಕಳಿಸುತ್ತದೆ. ಮೊದಲು ಅದು ದೊಡ್ಡ ಅನುಕೂಲವಾಗಿತ್ತು. ಒನ್‌ಡ್ರೈವ್ 2020ರಲ್ಲಿ ಎಲ್ಲ ಥರದ ಫೈಲಿಗೂ ಇದನ್ನೇ ತಂದಿತು, ಆಮೇಲೆ ಗೂಗಲ್ಲೂ ತಂದಿತು. ಹಾಗಾಗಿ ಇದೊಂದಕ್ಕೇ ಡ್ರಾಪ್‌ಬಾಕ್ಸ್ ಹಿಡಿಯಬೇಕಿಲ್ಲ.

ಕನ್ನಡ ಡಿಟಿಪಿಯವರಿಗೆ ಮಾತ್ರ ಇರುವ ಒಂದು ತಲೆನೋವನ್ನು ಯಾವ ಹೋಲಿಕೆ ಪಟ್ಟಿಯೂ ಹೇಳುವುದಿಲ್ಲ. ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಆಕಾರ ಕೂರಿಸಿದ ಹಳೆಯ ಆಸ್ಕಿ ಫಾಂಟುಗಳಲ್ಲಿ, ಅಂದರೆ ನುಡಿಯಲ್ಲೋ ಶ್ರೀಲಿಪಿಯಲ್ಲೋ, ಟೈಪ್ ಮಾಡಿದ ವರ್ಡ್ ಫೈಲನ್ನು ಬ್ರೌಸರಿನಲ್ಲಿ ತೆರೆದು ನೋಡಿ. ಆ ಫಾಂಟ್ ಅಲ್ಲಿ ಇರುವುದಿಲ್ಲ, ಇಂಗ್ಲಿಷ್ ಅಕ್ಷರಗಳಿಗೆಲ್ಲ ಕೊಂಬು ಬಂದ ಹಾಗೆ ಕಾಣುತ್ತದೆ. ಒಳಗಿನ ಪಠ್ಯವನ್ನು ಹುಡುಕೋಣ ಅಂದರೆ ಅದೂ ಸಿಗುವುದಿಲ್ಲ, ಏಕೆಂದರೆ ನೀವು ಹುಡುಕುವುದು ಯೂನಿಕೋಡ್‌ನಲ್ಲಿ, ಅಂದರೆ ಮೊಬೈಲು, ಇಂಟರ್‌ನೆಟ್ಟಿನಲ್ಲೆಲ್ಲ ಬಳಸುವ ಕನ್ನಡದಲ್ಲಿ. ಆದ್ದರಿಂದ ನಿಮಗೆ ಗತಿ ಫೈಲಿನ ಹೆಸರೊಂದೇ. ಅದನ್ನು ಯೂನಿಕೋಡ್‌ನಲ್ಲೇ ಇಡಿ. ಮೊದಲು ವರ್ಷ, ತಿಂಗಳು, ದಿನ. ಆಮೇಲೆ ಪಾರ್ಟಿ, ಅಂದರೆ ಗಿರಾಕಿಯ ಹೆಸರು. ಕೊನೆಗೆ ಎಷ್ಟನೇ ಪ್ರೂಫ್. 'ಫೈನಲ್', 'ಫೈನಲ್ ನ್ಯೂ', 'ಫೈನಲ್ ಓಕೆ' ಇವನ್ನು ಆಫೀಸಿನಲ್ಲಿ ನಿಷೇಧಿಸಿಬಿಡಿ. ಪಾರ್ಟಿಗೆ ಯಾವಾಗಲೂ ಫಾಂಟ್ ಸೇರಿಸಿದ ಪಿಡಿಎಫ್ ಕಳಿಸಿ. ಬರೀ ಪ್ರೂಫ್ ನೋಡುವವರಿಗೆ ಲಿಂಕ್ ಕೊಟ್ಟರೆ ಸಾಕು, ಅವರಿಗಾಗಿ ಸುಮ್ನೆ ಒಂದು ಖಾತೆ ಕೊಳ್ಳಬೇಡಿ. ಖಾತೆಯೊಂದಕ್ಕೆ ತಿಂಗಳ ಬಾಡಿಗೆ, ಅದರ ಮೇಲೆ 18% ಜಿಎಸ್‌ಟಿ.

ಇನ್ನು ಟ್ರೆಲ್ಲೊ. ಗೂಗಲ್ ಡಾಕ್ಸ್ ಆದರೆ ನಾಲ್ಕು ಜನ ಒಟ್ಟಿಗೆ ತಿದ್ದಬಹುದು. ಪುಟವಿನ್ಯಾಸದ ಪೇಜ್‌ಮೇಕರ್, ಇನ್‌ಡಿಸೈನ್ ಫೈಲಿನಲ್ಲಿ ಅದು ನಡೆಯದು. ಆಫೀಸಿನಲ್ಲಿ ಒಬ್ಬರು, ಮನೆಯಲ್ಲಿ ಇನ್ನೊಬ್ಬರು ಅದನ್ನೇ ತೆರೆದು ಸೇವ್ ಮಾಡಿದರೆ ಡ್ರಾಪ್‌ಬಾಕ್ಸ್ ಎರಡನೆಯದನ್ನು 'ಕಾನ್‌ಫ್ಲಿಕ್ಟೆಡ್ ಕಾಪಿ' ಅಂತ ಪಕ್ಕಕ್ಕೆ ಇಡುತ್ತದೆ. ಎರಡನ್ನೂ ಕೂಡಿಸುವ ಕೆಲಸ ನಿಮ್ಮದು. ಕಾರ್ಡು ಉಪಯೋಗಕ್ಕೆ ಬರುವುದು ಇಲ್ಲೇ. ಕಾರ್ಡಿನಲ್ಲಿ ಯಾರ ಹೆಸರಿದೆಯೋ ಅವರು ಮಾತ್ರ ಆ ಫೈಲ್ ಮುಟ್ಟಬೇಕು. ಮುಗಿದ ಮೇಲೆ ಹೆಸರು ಬದಲಿಸಿ ಮುಂದಕ್ಕೆ ತಳ್ಳಬೇಕು.

ನಮ್ಮ ಬೋರ್ಡಿನ ಸಾಲುಗಳು ಹೀಗಿವೆ: ಬಂದ ಕೆಲಸ, ಟೈಪಿಂಗ್, ಪುಟವಿನ್ಯಾಸ, ಪ್ರೂಫ್, ಪಾರ್ಟಿ ಒಪ್ಪಿಗೆ, ಪ್ರೆಸ್ಸಿಗೆ. ಪ್ರತಿ ಕಾರ್ಡಿನಲ್ಲೂ ಫೈಲ್ ಬದಲು ಡ್ರೈವ್ ಲಿಂಕ್ ಇರುತ್ತದೆ. 'ಪಾರ್ಟಿ ಒಪ್ಪಿಗೆ' ಸಾಲೇ ಯಾವಾಗಲೂ ಉದ್ದ. ತಡ ಆಗುತ್ತಿರುವುದು ಆಪರೇಟರಿಂದ ಅಲ್ಲ ಅಂತ ಬೋರ್ಡು ನೋಡಿದವರಿಗೆ ಗೊತ್ತಾಗುತ್ತದೆ, ಬೈಗುಳವೂ ಕಡಿಮೆ ಆಗುತ್ತದೆ. ಇಷ್ಟಕ್ಕೆ ಉಚಿತ ಪ್ಲಾನ್ ಸಾಕು. ಮೈಕ್ರೋಸಾಫ್ಟ್ ಕಡೆ ಹೋದರೆ ಇದೇ ಥರದ ಪ್ಲಾನರ್ ಅದರ ಜೊತೆಗೇ ಬರುತ್ತದೆ, ಬೇರೆ ಹುಡುಕಬೇಡಿ. ಆಸನ ಒಳ್ಳೆಯದೇ, ಆದರೆ ಒಂದು ಕೆಲಸ ಮುಗಿಯದೆ ಇನ್ನೊಂದು ಶುರು ಆಗದು ಅಂತ ಗಂಟು ಹಾಕುವ ಸೌಲಭ್ಯಕ್ಕೆ ದುಡ್ಡು ಕೊಡಬೇಕು. ಲಗ್ನಪತ್ರಿಕೆ, ಬಿಲ್ ಬುಕ್ ಮಾಡುವ ಆಫೀಸಿಗೆ ಅದು ಜಾಸ್ತಿಯಾಯಿತು.

ಯಾವುದನ್ನೇ ಕೊಂಡರೂ ಒಂದು ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್ ಇರಲಿ. ಸಿಂಕ್ ಆಗುವ, ಅಂದರೆ ಎಲ್ಲ ಕಂಪ್ಯೂಟರಿನಲ್ಲೂ ತಾನಾಗೇ ಒಂದೇ ಥರ ಇರುವ ಫೋಲ್ಡರಿನಲ್ಲಿ ಒಂದು ಕಡೆ ಅಳಿಸಿದರೆ ಎಲ್ಲ ಕಡೆಯೂ ಅಳಿಯುತ್ತದೆ, ಗೂಗಲ್ ಡ್ರೈವ್ ಟ್ರ್ಯಾಶ್‌ನಲ್ಲಿ ಅದು ಉಳಿಯುವುದು 30 ದಿನ ಮಾತ್ರ. ಹೋದ ವರ್ಷದ ಜಾತ್ರೆ ಕರಪತ್ರ ನೆನಪಾಗುವುದು ಈ ವರ್ಷದ ಜಾತ್ರೆಗೆ. ಹಳೆಯ ಫೈಲನ್ನೆಲ್ಲ ಒಂದೇ ಸಲ ಸಾಗಿಸಲು ಹೋಗಬೇಡಿ. ಈ ವಾರ ಬರುವ ಕೆಲಸದಿಂದ ಶುರು ಮಾಡಿ, ಹಳೆಯದನ್ನು ಯಾರಾದರೂ ಕೇಳಿದಾಗ ಹುಡುಕಿ ಹಾಕಿದರಾಯಿತು.