ತಮ್ಮನಿಗೆ ಸೋಮವಾರ ಮೊದಲ ಕಿಮೊ. ಮುಂದೆ ಮಕ್ಕಳಾಗುವ ಬಗ್ಗೆ ಈಗಲೇ ಕೇಳಬೇಕಾ?

ಈಗಲೇ ಕೇಳಿ ಅಕ್ಕಾ, ಕಿಮೊದಿಂದ ವೀರ್ಯಾಣುಗಳಿಗೆ ಹಾನಿ ಆಗಬಹುದು. ತಮ್ಮನಿಗೆ 23, ಹಾಡ್ಜ್‌ಕಿನ್ ಲಿಂಫೋಮಾ (ದುಗ್ಧರಸ ಗ್ರಂಥಿಗಳ ಕ್ಯಾನ್ಸರ್) ಅಂತ ಸಿಂಧನೂರಿನಿಂದ ಬರೆದಿದ್ದೀರಿ. ಇನ್ನೂ ನಾಲ್ಕು ದಿನ ಇದೆ. ವೀರ್ಯ ತೆಗೆದು ಫ್ರೀಜ್ ಮಾಡಿಸಿಡಲು ಅಷ್ಟು ಸಾಕು.

ನನಗೂ ಅದೇ ಕಾಯಿಲೆ ಬಂದಾಗ 24. ಊರು ಸಿರುಗುಪ್ಪ. ಬಳ್ಳಾರಿಯಲ್ಲಿ ರಾತ್ರಿ ಹಂಪಿ ಎಕ್ಸ್‌ಪ್ರೆಸ್ ಹತ್ತಿ ಬೆಂಗಳೂರಿಗೆ ಹೊರಟಾಗ ತಲೆಯಲ್ಲಿ ಇದ್ದದ್ದು ಒಂದೇ, ಉಳೀತೀನಾ ಇಲ್ವಾ ಅಂತ. ಮಕ್ಕಳ ಮಾತು ಯಾರೂ ಎತ್ತಿರಲಿಲ್ಲ. ಕಿಮೊಗೆ ಮೂರು ದಿನ ಮುಂಚೆ, ರಕ್ತ ತೆಗೆಯಲು ಬಂದ ನರ್ಸ್ ಒಬ್ಬರು ಕೇಳಿದರು. ಆ ತಾಯಿಗೆ ಇವತ್ತಿಗೂ ಕೈ ಮುಗಿಯುತ್ತೇನೆ.

ಎಚ್‌ಐವಿ, ಹೆಪಟೈಟಿಸ್ ಪರೀಕ್ಷೆಗೆ ರಕ್ತ ಕೊಟ್ಟೆ, ಸಹಿ ಹಾಕಿದೆ. ನನ್ನ ಹೆಸರಿನ ಚೀಟಿ ಅಂಟಿಸಿದ ಪ್ಲಾಸ್ಟಿಕ್ ಡಬ್ಬಿ ಕೊಟ್ಟರು. ಸಣ್ಣ ಕೋಣೆ, ಒಳಗಿಂದ ಚಿಲಕ. ಹೊರಗೆ ಅಪ್ಪ ಸ್ಕ್ಯಾನಿಂಗ್ ಕವರ್ ತೊಡೆ ಮೇಲಿಟ್ಟುಕೊಂಡು ಕೂತಿದ್ದರು. ನಾನು ಬಂದಾಗ ಮುಖ ನೋಡಲಿಲ್ಲ. "ಆತೇನಪ್ಪ? ನಡಿ, ಚಾ ಕುಡಿಯೋಣ" ಅಂದರು.

ಒಂದು ದಿನ ಬಿಟ್ಟು ಮತ್ತೊಮ್ಮೆ ಕೊಟ್ಟೆ. ಅದನ್ನು ದ್ರವ ಸಾರಜನಕದಲ್ಲಿ, ಮೈನಸ್ 196 ಡಿಗ್ರಿಯಲ್ಲಿ ಇಡುತ್ತಾರೆ. ವರ್ಷಗಳು ಕಳೆದರೂ ಕೆಡುವುದಿಲ್ಲ. ಇಟ್ಟಿದ್ದಕ್ಕೆ ಬಾಡಿಗೆ ತರ ದುಡ್ಡು ಕಟ್ಟಬೇಕು. ಈ ಕಾಯಿಲೆಯಲ್ಲಿ ಕಿಮೊಗೆ ಮುಂಚೆಯೇ ವೀರ್ಯಾಣುಗಳ ಸಂಖ್ಯೆ ಕಡಿಮೆ ಇರಬಹುದು, ನನ್ನದೂ ಹಾಗೇ ಇತ್ತು. ಹೆದರಬೇಡಿ. ಇಕ್ಸಿ (ಲ್ಯಾಬಿನಲ್ಲಿ ವೀರ್ಯಾಣುವನ್ನು ಸೂಜಿಯಿಂದ ಅಂಡಾಣುವಿನೊಳಗೆ ಹಾಕುವ) ವಿಧಾನದಲ್ಲಿ ಒಂದು ಅಂಡಾಣುವಿಗೆ ಒಂದೇ ವೀರ್ಯಾಣು ಸಾಕು.

"ಈ ಔಷಧದಿಂದ ಅಷ್ಟು ತೊಂದರೆ ಇಲ್ಲ" ಅಂತ ಡಾಕ್ಟರ್ ಹೇಳಬಹುದು. ಹಾಡ್ಜ್‌ಕಿನ್‌ಗೆ ಸಾಮಾನ್ಯವಾಗಿ ಕೊಡುವ ಎಬಿವಿಡಿ (ನಾಲ್ಕು ಔಷಧ ಸೇರಿದ ಕಿಮೊ) ಮಟ್ಟಿಗೆ ಅದು ನಿಜವೂ ಹೌದು, ತುಂಬಾ ಜನಕ್ಕೆ ವೀರ್ಯಾಣು ಮತ್ತೆ ಬರುತ್ತದೆ. ಆದರೂ ಇಡಿಸಿ. ಕಾಯಿಲೆ ಮರುಕಳಿಸಿದರೆ ಕೊಡುವ ಔಷಧಗಳು ಬಹಳ ಜೋರು. ಆಗ ಅವಕಾಶ ಸಿಗದೇ ಹೋಗಬಹುದು. ಒಂದು ಡೋಸ್ ಆದ ಮೇಲೆ ತೆಗೆದರೆ ವೀರ್ಯಾಣುವಿನ ಒಳಗೇ ಹಾನಿ ಆಗಿರಬಹುದು, ಅದಕ್ಕೇ ಈ ಅವಸರ. (ಹೆಣ್ಣುಮಕ್ಕಳ ಅಂಡಾಣು ತೆಗೆಯಲು ಸುಮಾರು ಎರಡು ವಾರ ಇಂಜೆಕ್ಷನ್ ಬೇಕು. ಅವರು ಇನ್ನೂ ಬೇಗ ಕೇಳಬೇಕು.)

ತಮ್ಮನ ಹತ್ತಿರ ಹೇಗೆ ಮಾತಾಡೋದು ಅಂದಿರಿ. ಅಕ್ಕ ಕೇಳಿದರೆ ನಾನಾಗಿದ್ದರೂ ತಲೆ ತಗ್ಗಿಸುತ್ತಿದ್ದೆ. ಮಾವನೋ ಗೆಳೆಯನೋ ಹೇಳಲಿ, ಇಲ್ಲವೇ ಡಾಕ್ಟರ ಕಡೆಯಿಂದಲೇ ಹೇಳಿಸಿ. ನೀವು ನಾಳೆ ಬೆಳಿಗ್ಗೆ ಆಸ್ಪತ್ರೆಗೆ ಫೋನ್ ಮಾಡಿ, "ಕಿಮೊಗೆ ಮುಂಚೆ ವೀರ್ಯ ಫ್ರೀಜ್ ಮಾಡಿಸಬೇಕು, ಎಲ್ಲಿಗೆ ಕಳಿಸ್ತೀರಿ?" ಅಂತ ನೇರವಾಗಿ ಕೇಳಿ. ಶನಿವಾರದೊಳಗೆ ಒಂದು ಸಲವಾದರೂ ಆಗಲಿ.