ಲೇಸರ್ ಪಟ್ಟೆಗಳು ಮಸುಕಾಗುವುದೇಕೆ?

ಪ್ರಶ್ನೆ: ಮಾನ್ಯರೇ, ನಮ್ಮ ಪದವಿ ಕಾಲೇಜಿನಲ್ಲಿ 30 ಸೆಂ.ಮೀ. ಉದ್ದದ ಹೀಲಿಯಂ-ನಿಯಾನ್ ಲೇಸರ್ ಬಳಸಿ ಮೈಕೆಲ್ಸನ್ ವ್ಯತಿಕರಣಮಾಪಕದ (ಒಂದು ಕಿರಣವನ್ನು ಎರಡು ತೋಳುಗಳಲ್ಲಿ ಕಳಿಸಿ, ಮರಳಿ ಕೂಡಿಸಿ ಬೆಳಕು-ಕತ್ತಲೆಯ ಪಟ್ಟೆಗಳನ್ನು ಮೂಡಿಸುವ ಸಾಧನ) ಪ್ರಯೋಗ ಮಾಡಿಸುತ್ತೇನೆ. ಎರಡೂ ತೋಳುಗಳು ಸಮನಾಗಿದ್ದಾಗ ಪಟ್ಟೆಗಳು ಸ್ಫುಟವಾಗಿರುತ್ತವೆ. ಒಂದು ಕನ್ನಡಿಯನ್ನು 15 ಸೆಂ.ಮೀ. ಹಿಂದಕ್ಕೆ ಸರಿಸಿದರೆ ಬಹುತೇಕ ಅಳಿಸಿಹೋಗುತ್ತವೆ. ಲೇಸರ್ ಕೆಟ್ಟಿದೆಯೇ? ಎಟಲಾನ್ ಅಳವಡಿಸಿದರೆ ಸಂಸಕ್ತತೆ (ಬೆಳಕಿನ ಅಲೆಗಳ ನಡುವಿನ ಹೊಂದಾಣಿಕೆ) ಹೆಚ್ಚುತ್ತದೆ ಎಂದು ಓದಿದ್ದೇನೆ. ಅದನ್ನು ಇದಕ್ಕೂ ಹಾಕಬಹುದೇ?
— ಭೌತಶಾಸ್ತ್ರ ಉಪನ್ಯಾಸಕಿ, ಕಲಬುರಗಿ

ಉತ್ತರ: ನಿಮ್ಮ ಲೇಸರ್ ಕೆಟ್ಟಿಲ್ಲ, ಅದು ಏಕಕಾಲಕ್ಕೆ ಎರಡು-ಮೂರು ಆವರ್ತನಗಳಲ್ಲಿ ಬೆಳಗುತ್ತಿದೆ, ಅಷ್ಟೆ. ಲೇಸರಿನೊಳಗಿನ ಎರಡು ಕನ್ನಡಿಗಳ ನಡುವೆ ನಿಲ್ಲಬಲ್ಲ ಅಲೆಗಳಿಗೆ ಮೋಡ್‌ಗಳೆಂದು ಹೆಸರು. ಕನ್ನಡಿಗಳ ಅಂತರ 30 ಸೆಂ.ಮೀ. ಇದ್ದರೆ ಅಕ್ಕಪಕ್ಕದ ಮೋಡ್‌ಗಳ ಆವರ್ತನದಲ್ಲಿ 500 ಮೆಗಾಹರ್ಟ್ಸ್ ವ್ಯತ್ಯಾಸವಿರುತ್ತದೆ. ನಿಯಾನ್ ಅನಿಲವು 632.8 ನ್ಯಾನೊಮೀಟರ್ ತರಂಗಾಂತರದ ಬೆಳಕನ್ನು ವರ್ಧಿಸುವ ಆವರ್ತನಗಳ ವ್ಯಾಪ್ತಿಯಾದರೋ ಸುಮಾರು 1500 ಮೆಗಾಹರ್ಟ್ಸ್ ಇರುವುದರಿಂದ ಅದರೊಳಗೆ ಒಂದಕ್ಕಿಂತ ಹೆಚ್ಚು ಮೋಡ್‌ಗಳಿಗೆ ಎಡೆ ಸಿಗುತ್ತದೆ. ವ್ಯತಿಕರಣಮಾಪಕದ ಕನ್ನಡಿ 15 ಸೆಂ.ಮೀ. ಸರಿದಾಗ ಬೆಳಕು ಹೋಗಿಬರುವ ಹಾದಿ 30 ಸೆಂ.ಮೀ. ಹೆಚ್ಚುತ್ತದೆ, ಆಗ ಒಂದು ಮೋಡ್‌ನ ಬೆಳಕಿನ ಪಟ್ಟೆ ಪಕ್ಕದ ಮೋಡ್‌ನ ಕತ್ತಲೆಯ ಪಟ್ಟೆಯ ಮೇಲೆ ಬೀಳುತ್ತದೆ. ಕನ್ನಡಿಯನ್ನು ಇನ್ನೂ 15 ಸೆಂ.ಮೀ. ಸರಿಸಿ ನೋಡಿ, ಪಟ್ಟೆಗಳು ಮರಳಿ ಮೂಡುತ್ತವೆ. ವಿದ್ಯಾರ್ಥಿಗಳಿಗೆ ಇದನ್ನು ತಪ್ಪದೆ ತೋರಿಸಬೇಕೆಂಬುದು ನನ್ನ ಆಗ್ರಹ.

ಎಟಲಾನ್ ಎಂದರೆ ಎರಡೂ ಮುಖಗಳು ಅತಿ ನಿಖರವಾಗಿ ಸಮಾಂತರವಾಗಿರುವ ಗಾಜಿನ ಬಿಲ್ಲೆ. ಲೇಸರಿನ ಕನ್ನಡಿಗಳ ನಡುವೆ ಅದನ್ನು ತುಸು ಓರೆಯಾಗಿ ನಿಲ್ಲಿಸಿದರೆ ಒಂದು ಆವರ್ತನ ಮಾತ್ರ ನಷ್ಟವಿಲ್ಲದೆ ದಾಟುತ್ತದೆ, ಉಳಿದವು ಸೊರಗಿ ನಂದಿಹೋಗುತ್ತವೆ. ಒಂದು ಮೀಟರ್ ಉದ್ದದ ಆರ್ಗಾನ್ ಲೇಸರಿನಲ್ಲಿ ಹತ್ತಾರು ಮೋಡ್‌ಗಳಿರುವುದರಿಂದ ಅದರ ಸಂಸಕ್ತತೆಯ ಉದ್ದ (ಎರಡು ಹಾದಿಗಳ ಅಂತರ ಎಷ್ಟಿರುವವರೆಗೆ ಪಟ್ಟೆಗಳು ಸ್ಫುಟವಾಗಿರುತ್ತವೋ ಆ ಮಿತಿ) ಕೆಲವೇ ಸೆಂಟಿಮೀಟರ್. ಸುಮಾರು 1 ಸೆಂ.ಮೀ. ದಪ್ಪದ ಎಟಲಾನ್ ಹಾಕಿದರೆ ಅದು ಹಲವು ಮೀಟರ್‌ಗಳಿಗೆ ಏರುತ್ತದೆ. ಹೊಲೊಗ್ರಾಂ ತೆಗೆಯುವವರು ಇದನ್ನೇ ನೆಚ್ಚಿಕೊಂಡಿದ್ದರು. ಬಿಲ್ಲೆಯ ತಾಪ ಬದಲಾದರೆ ಆಯ್ಕೆಯಾಗುವ ಆವರ್ತನವೂ ಜಾರುವುದರಿಂದ ಅದನ್ನು ಸ್ಥಿರ ತಾಪದಲ್ಲಿ ಇಡಬೇಕಾಗುತ್ತದೆ. ಕಿರಣದ ಅಡ್ಡಗಲದ ಸಂಸಕ್ತತೆಗೆ ಮಾತ್ರ ಎಟಲಾನ್ ನೆರವಾಗದು. ಅದಕ್ಕೆ ಕನ್ನಡಿಗಳ ನಡುವೆ ಸಣ್ಣ ರಂಧ್ರವಿರುವ ತಡೆಯನ್ನು ಇಡುತ್ತಾರೆ.

ನಿಮ್ಮ ಕೊಳವೆಯ ಎರಡೂ ತುದಿಗೆ ಕನ್ನಡಿಗಳನ್ನು ಬೆಸೆದು ಮುಚ್ಚಿದ್ದರೆ ಒಳಗೆ ಏನನ್ನೂ ಇಡಲಾಗದು. ಅದನ್ನು ಬಿಚ್ಚಲು ಹೋಗಬೇಡಿ: ಅನಿಲ ಹಾಳಾಗುತ್ತದೆ, ಮೇಲಾಗಿ ಅಲ್ಲಿರುವುದು ಸಾವಿರ ವೋಲ್ಟಿಗೂ ಮೀರಿದ ವಿದ್ಯುತ್ತು. ಬದಲಿಗೆ, ಲೇಸರನ್ನು ಅರ್ಧ ಗಂಟೆ ಉರಿಯಲು ಬಿಟ್ಟು ಕಿರಣದ ಹಾದಿಯಲ್ಲಿ ಪೋಲರಾಯ್ಡ್ ಹಾಳೆಯೊಂದನ್ನು ಇಟ್ಟು ನಿಧಾನವಾಗಿ ತಿರುಗಿಸಿ. ಇಂಥ ಬಹಳಷ್ಟು ಕೊಳವೆಗಳಲ್ಲಿ ಅಕ್ಕಪಕ್ಕದ ಮೋಡ್‌ಗಳ ಧ್ರುವೀಕರಣ, ಅಂದರೆ ಬೆಳಕಿನ ಅಲೆ ಕಂಪಿಸುವ ದಿಕ್ಕು, ಪರಸ್ಪರ ಲಂಬವಾಗಿರುತ್ತದೆ; ಪೋಲರಾಯ್ಡ್ ಒಂದು ದಿಕ್ಕಿನ ಕಂಪನವನ್ನಷ್ಟೇ ಬಿಡುತ್ತದೆ. ಆದ್ದರಿಂದ ತಕ್ಕ ಕೋನದಲ್ಲಿ ಒಂದನ್ನು ತಡೆದು ಇನ್ನೊಂದನ್ನು ಬಿಡಬಹುದು, 15 ಸೆಂ.ಮೀ.ನಲ್ಲೂ ಪಟ್ಟೆಗಳು ತಿಳಿಯಾಗುತ್ತವೆ. ಯಾವುದೋ ಒಂದು ಕೋನದಲ್ಲಿ ಬೆಳಕು ಪೂರ್ತಿ ನಂದಿದರೆ ನಿಮ್ಮದು ಒಂದೇ ದಿಕ್ಕಿಗೆ ಧ್ರುವೀಕರಿಸಿದ ಕೊಳವೆ. ಅದರಲ್ಲಿ ಈ ಉಪಾಯ ನಡೆಯುವುದಿಲ್ಲ, ತೋಳುಗಳನ್ನು ಸಮನಾಗಿ ಇಟ್ಟುಕೊಂಡೇ ಕೆಲಸ ಮಾಡಬೇಕು.